ಕಡತದ ಮೇಲೆ ಓರೆ ಬೆಳಕು

ಜನವರಿ ೬, ಸೋಮವಾರ

ಧನಲಕ್ಷ್ಮಿ ಬಂದಳು. ಬರಲಿ, ಯಾರು ಬೇಡ ಅಂದರು?

ಹಳೆಯ ಪುಸ್ತಕ, ಓಲೆಗರಿಗಳನ್ನು ಕಾಪಾಡುವ ವಿದ್ಯೆ ಕಲಿಯಲು ನಮ್ಮ ಕೇಂದ್ರಕ್ಕೆ ಈ ಸಲವೂ ಒಂದಿಷ್ಟು ಜನ ಸೇರಿದ್ದಾರೆ. ಹೆಚ್ಚಿನವರು ಸುತ್ತಮುತ್ತಲ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರು. ಓಲೆಗರಿಯ ಚಿತ್ರ ತೆಗೆಯುವುದು ಹೇಗೆ, ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಜೋಪಾನ ಮಾಡುವುದು ಹೇಗೆ ಎಂದು ಅವರಿಗೆ ಕಲಿಸುವವಳು ನಾನು. ಶಿಕಾರಿಪುರದಲ್ಲಿ ಈ ಕೇಂದ್ರ ಶುರುವಾದಾಗಿನಿಂದ ನಾನೊಬ್ಬಳೇ. ಇವತ್ತು ಬೆಳಿಗ್ಗೆ ನಿರ್ದೇಶಕರಾದ ಮಹೇಶ್ವರಪ್ಪನವರು ಕ್ಲಾಸಿಗೇ ಬಂದು, "ಇನ್ಮ್ಯಾಲೆ ಶ್ರೀಲತಾ ಮೇಡಂ ಜೊತಿಗೆ ಧನಲಕ್ಷ್ಮಿ ಮೇಡಮ್ಮೂ ಇಮೇಜಿಂಗ್ ಕಲಿಸ್ತಾರ. ಇಬ್ರೂ ಕೂಡಿ ನಡಸ್ಕಂಡು ಹೋಗ್ರಿ" ಎಂದರು.

ಮೇಡಮ್ಮಂತೆ! ಕೆಲವೇ ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಕೂತು, ಲೆನ್ಸಿನ ಮುಚ್ಚಳ ತೆಗೆಯದೆ ಕ್ಯಾಮೆರಾಕ್ಕೆ ಕಣ್ಣಿಟ್ಟು, "ಮೇಡಂ, ಎಂತದೂ ಕಾಣ್ತಾ ಇಲ್ಲ" ಅಂದ ಸೊರಬದ ಹುಡುಗಿ ಇವಳು. ಟ್ರೈಪಾಡಿನ ಕಾಲು ಬಿಚ್ಚುವುದನ್ನು ಕಲಿಸಿದವಳು ನಾನು. ಆಮೇಲೆ ಎಲ್ಲೆಲ್ಲೋ ದೊಡ್ಡ ಗ್ರಂಥಾಲಯಗಳಲ್ಲಿ ತರಬೇತಿ ಮುಗಿಸಿ ಬಂದಿದ್ದಾಳೆ. ಬಂದವಳೇ ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಿದಳು. ಸಹಿಸಲಾಗದ್ದು ಅದೇ. ಸೊಕ್ಕಿನವಳಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಸಂಜೆ ನಮ್ಮ ಯಜಮಾನರು ಸುರೇಂದ್ರ ಬೀಜದ ಅಂಗಡಿ ಮುಚ್ಚಿ ಬಂದವರು ನನ್ನನ್ನು ನೋಡಿದ್ದೇ, "ಮಾರಿ ಯಾಕ ಹಂಗ ಊದಿಸ್ಕಂಡು ಕುಂತಿ?" ಎಂದರು. ಹಲ್ಲುನೋವು ಎಂದೆ. ಲವಂಗ ತಂದುಕೊಟ್ಟರು. ಜಗಿದೆ.

ಜನವರಿ ೯, ಗುರುವಾರ

ನನ್ನ ಮೊದಲ ಪಾಠ ಯಾವ ವರ್ಷವೂ ಬದಲಾಗಿಲ್ಲ. ಒರೆಸು. ಲೆನ್ಸು ಒರೆಸು, ಗಾಜು ಒರೆಸು, ಮೇಜು ಒರೆಸು, ಕೈ ಒರೆಸಿಕೋ. ಅಕ್ಷರದ ಪಕ್ಕ ಒಂದು ಕಣ ಧೂಳು ಕೂತರೆ ಚಿತ್ರದಲ್ಲಿ ಅದು ಸೊನ್ನೆಯ ಹಾಗೆ ಕಾಣುತ್ತದೆ. 'ಕದ' ಇದ್ದದ್ದು 'ಕಂದ' ಆಗುತ್ತದೆ. ಮುಂದೆ ಯಾರೋ ಪಂಡಿತರು ಬಾಗಿಲಿಗೆ ತೊಟ್ಟಿಲು ಕಟ್ಟುತ್ತಾರೆ. ಇದನ್ನು ಹೇಳಿದಾಗ ಪ್ರತಿ ವರ್ಷವೂ ನಗು ಬರುತ್ತದೆ. ಈ ವರ್ಷವೂ ಬಂತು. ಹಿಂದಿನಿಂದ ಹುಡುಗರು ನನ್ನನ್ನು 'ಒರೆಸು ಮೇಡಂ' ಎನ್ನುತ್ತಾರೆಂದು ಗೊತ್ತಿದೆ. ಅನ್ನಲಿ. ನಾನು ತೆಗೆಸಿದ ಚಿತ್ರಗಳು ತೊಳೆದಿಟ್ಟ ತಟ್ಟೆಯ ಹಾಗಿರುತ್ತವೆ.

ಅವಳು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಬರೆದುಕೊಳ್ಳುತ್ತಿದ್ದಳು. ಎಷ್ಟು ಸಲ ಕೇಳಿದ ಪಾಠವೋ ಅದು! ವಿನಯವೋ ನಾಟಕವೋ ದೇವರೇ ಬಲ್ಲ.

ಜನವರಿ ೧೭, ಶುಕ್ರವಾರ

ಇವತ್ತು ಅವಳ ಪಾಠ. ನಾನು ಹಿಂದೆ ಕೂತಿದ್ದೆ. ಬರೆದುಕೊಳ್ಳಲಿಲ್ಲ.

ಮಸಿ ಹಾರಿಹೋದ ಒಂದು ಓಲೆಗರಿ ತಂದಿಟ್ಟಳು. ಬರಿಗಣ್ಣಿಗೆ ಒಣಗಿದ ಎಲೆ, ಅಷ್ಟೇ. ಕಿಟಕಿ ಮುಚ್ಚಿಸಿ, ಸಣ್ಣ ದೀಪವನ್ನು ಗರಿಯ ಪಕ್ಕದಲ್ಲಿ, ಮೇಜಿಗೆ ತಾಗುವಷ್ಟು ತಗ್ಗಿನಲ್ಲಿ ಇಟ್ಟಳು. "ಲೈಟು ನೆತ್ತಿ ಮೇಲೆ ಇಟ್ರೆ ಗೀರಿದ್ದು ಕಾಣೂದಿಲ್ಲ. ಓರೆಸಿ ನೋಡಿ. ಇನ್ನೂ ಓರೆಸಿ. ಹಾಂ, ಬಂತು ನೋಡಿ" ಎಂದಳು. ಪರದೆಯ ಮೇಲೆ ಸಾಲು ಸಾಲು ಅಕ್ಷರ ಎದ್ದುಬಂದವು. ಎಲ್ಲರೂ ಹೋ ಎಂದರು. ಉದಯನಂತೂ ಕುರ್ಚಿಯಿಂದಲೇ ಎದ್ದ. ತಾಲ್ಲೂಕಿನ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವ ಮೂವತ್ತು ದಾಟಿದ ಗಂಡಸು, ಈ ವರ್ಷದ ನನ್ನ ಅತಿ ಒಳ್ಳೆಯ ವಿದ್ಯಾರ್ಥಿ. ನನ್ನ ಕ್ಲಾಸಿನಲ್ಲಿ ಅವನು ಎದ್ದದ್ದು ಮಧ್ಯಾಹ್ನದ ಊಟಕ್ಕೆ ಮಾತ್ರ.

ಇದರಲ್ಲೇನಿದೆ? ರೇಕಿಂಗ್ ಲೈಟ್. ಎಲ್ಲ ಪುಸ್ತಕದಲ್ಲೂ ಇದೆ. ನಾನೂ ಕಲಿಸುತ್ತೇನೆ, ಎರಡನೇ ತಿಂಗಳಲ್ಲಿ, ನಕ್ಷೆ ಬರೆದು. ಇವಳು ಅದಕ್ಕೊಂದು ಹೆಸರಿಟ್ಟಿದ್ದಾಳೆ ಅಷ್ಟೇ. ಓರೆಸುವುದಂತೆ! ಓರೆ ಎಂಬ ಮಾತು ಇದೆ, ಓರೆ ಮಾಡು ಎನ್ನುವುದೂ ಇದೆ. 'ಓರೆಸು' ಎಂಬ ಕ್ರಿಯಾಪದ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಚಹಾದ ಹೊತ್ತಿಗೆ ಆಗಲೇ ಎಲ್ಲರ ಬಾಯಲ್ಲೂ ಅದೇ. ಕ್ಯಾಂಟೀನಿನವನಿಗೂ ಒಬ್ಬ, "ಫ್ಯಾನು ಸ್ವಲ್ಪ ಈ ಕಡೆ ಓರೆಸಪ್ಪ" ಅನ್ನುತ್ತಿದ್ದ. ಚಹಾ ಅರ್ಧ ಬಿಟ್ಟು ಎದ್ದೆ.

ಜನವರಿ ೨೯, ಬುಧವಾರ

ಮಹೇಶ್ವರಪ್ಪನವರು ಇಬ್ಬರನ್ನೂ ಕರೆಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಕೆಟ್ಟ ಸುದ್ದಿ ಎಂದು ಲೆಕ್ಕ. ತೆಗೆದಿಟ್ಟರು.

"ಬರೋ ವರ್ಷ ಇಮೇಜಿಂಗಿಗೆ ಒಬ್ರನ್ನೇ ಇಟ್ಕಳಾಕ ಆಗೂದು. ಯಾರು ಅಂತ ಈಗ ಕೇಳಬ್ಯಾಡ್ರಿ. ಚಂದ್ರಗುತ್ತಿ ಕಡಿ ಹಳೇ ಬರಹದ ಫೋಟೊ ತೆಗಿಯೋ ಕ್ಯಾಂಪ್ ಐತಲ್ಲ, ಅದು ಮುಗೀಲಿ. ಕೆಲಸ ನೋಡಿ ಹೇಳ್ತೀನಿ."

ಅವಳು, "ಮೇಡಂ ಇರ್ಲಿ ಸಾರ್, ನಂಗೆ ಬೇರೆ ಕಡೆ ಎಂತಾದ್ರೂ ಸಿಕ್ತದೆ" ಎಂದಳು. ನನಗೆ ದಾನ! ಕುರ್ಚಿಯಲ್ಲಿ ಕೂತಲ್ಲೇ ಮೈ ಉರಿಯಿತು. "ಕೆಲಸ ನೋಡಿಯೇ ಹೇಳ್ರಿ ಸಾರ್" ಎಂದು ಎದ್ದುಬಂದೆ.

ಬಂದು ಖಾಲಿ ಕ್ಲಾಸಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಸಂಬಳ ನಿಂತರೆ ಅಂಗಡಿಯಿದೆ, ಊಟಕ್ಕೇನೂ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಎದ್ದು ಸೀರೆ ನೆರಿಗೆ ಹಿಡಿಯುವಾಗ, ಇವತ್ತು ಯಾರಿಗೆ ಏನು ಕಲಿಸಲಿ ಎಂಬ ಯೋಚನೆಯಿಲ್ಲದಿದ್ದರೆ ನಾನು ಯಾರು? ಸುರೇಂದ್ರರ ಹೆಂಡತಿ, ಅಲಸಂದೆ ಬೀಜ ತೂಗುವವಳು. ಈ ಕೋಣೆ ನನಗೆ ಬೇಕು. ಅವಳಿಗೆ ಕೊಡಲಾರೆ.

ಫೆಬ್ರವರಿ ೫, ಬುಧವಾರ

ಉದಯ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಅವಳ ಮೇಜಿಗೆ ಹೋದ. "ಅಲ್ಲಿ ಪ್ಲಗ್ ಪಾಯಿಂಟ್ ಐತ್ರೀ ಮೇಡಂ" ಎಂದ. ನನ್ನ ಮೇಜಿಗೂ ಇದೆ.

ಇವತ್ತು ಕಡತದ ಪಾಠ. ಕಡತ ಎಂದರೆ ಹುಡುಗರಿಗೆ ತಾಲ್ಲೂಕು ಕಚೇರಿಯ ಫೈಲು. ಹಳೆಯ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ. ಸ್ಲೇಟಿನ ಹಾಗೆಯೇ, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. "ಓಲೆಗರಿಗೆ ಮಾಡಿದಂಗೆ ಇದಕ್ಕೆ ಬ್ರಶ್ ಹಚ್ಚಬ್ಯಾಡಿ. ಇಲ್ಲಿ ಧೂಳೇ ಅಕ್ಷರ" ಎಂದು ಅವಳು ಹೇಳಿದಳು. ಚೆನ್ನಾಗಿ ಹೇಳಿದಳು. ಅದು ನನ್ನ ಬಾಯಿಂದ ಬರಬೇಕಿದ್ದ ಮಾತು ಎನ್ನಿಸಿ ಮಧ್ಯಾಹ್ನವಿಡೀ ಮನಸ್ಸು ಕಹಿಯಾಗಿತ್ತು.

ಫೆಬ್ರವರಿ ೯, ಭಾನುವಾರ

ಸುರೇಂದ್ರರನ್ನು ಎಬ್ಬಿಸಿಕೊಂಡು ತೊಗರ್ಸಿಗೆ ಹೋದೆ. ಮಲ್ಲಿಕಾರ್ಜುನನಿಗೆ ಕೈಮುಗಿಯಲು ಎಂದು ಹೇಳಿದ್ದು ಸುಳ್ಳೇನಲ್ಲ, ಕೈಮುಗಿದೆ. ಆಮೇಲೆ ಕ್ಯಾಮೆರಾ ತೆಗೆದೆ. ಕ್ಯಾಂಪಿಗೆ ಮುಂಚೆ ಕೈ ಪಳಗಿಸಿಕೊಳ್ಳಬೇಕಲ್ಲ. ಒಂದು ಮೂಲೆಯ ಕಂಬದ ಮೇಲೆ ಸವೆದ ಗೀರುಗಳಿದ್ದವು. ಬ್ಯಾಟರಿಯನ್ನು ಇವರ ಕೈಗೆ ಕೊಟ್ಟು, ತಗ್ಗಿಸಿ ಓರೆಸಿ ಹಿಡಿಸಿದೆ. ಮೊದಲ ಸಲ ನೆರಳು ಜಾಸ್ತಿಯಾಯಿತು. ಇನ್ನೂ ಓರೆಸಿದಾಗ ಒಂದೊಂದೇ ಅಕ್ಷರ ಎದ್ದಿತು. ಉಸಿರು ಬಿಗಿಹಿಡಿದು ಓದಿದೆ. 'ಪರ್ಸ್ಯಾ ಐ ಲವ್ ಯೂ ಗಿರಿಜಾ.'

ಸುರೇಂದ್ರ ನಗುತ್ತ ಅಲ್ಲೇ ಕೂತುಬಿಟ್ಟರು. "ಭಾರಿ ಹಳೇ ಶಾಸನ ಕಣೇ. ಗಿರಿಜಾ ಏನಂದ್ಲಂತ, ಅದೂ ಐತೇನು ನೋಡು." ನನಗೂ ನಗು ತಡೆಯಲಿಲ್ಲ. ಬಹಳ ದಿನಕ್ಕೆ ನಕ್ಕದ್ದು. ಚಿತ್ರ ಮಾತ್ರ ಒಳ್ಳೆಯದಾಗಿ ಬಂದಿದೆ, ಅವಳಿಗೆ ತೋರಿಸುವಷ್ಟು. ತೋರಿಸುವುದಿಲ್ಲ.

ಫೆಬ್ರವರಿ ೧೮, ಮಂಗಳವಾರ

ಚಂದ್ರಗುತ್ತಿ ಗುಡ್ಡದ ಕೆಳಗಿನ ಲೋಕಪ್ಪನವರ ಮನೆಯಲ್ಲಿ ಕ್ಯಾಂಪು. ಕೊಟ್ಟಿಗೆ ತುಂಬ ದನ, ಅಂಗಳ ತುಂಬ ಹಾಲಿನ ಕ್ಯಾನು, ಮನೆ ತುಂಬ ಮಾತು. ಲೋಕಪ್ಪನವರ ಮುತ್ತಜ್ಜ ಈ ಸೀಮೆಗೆಲ್ಲ ದನದ ವೈದ್ಯರಂತೆ. ಅವರು ಬರೆದಿಟ್ಟ ಕಡತಗಳು ಒಂದು ಪೆಟ್ಟಿಗೆ ತುಂಬ ಇವೆ. ಕಾಲು ಕೊಳೆತರೆ ಏನು, ಹೊಟ್ಟೆ ಉಬ್ಬಿದರೆ ಏನು, ಕೆಚ್ಚಲು ಬಾತರೆ ಏನು.

"ನಂಗೆ ಓದಕ್ಕೆ ಬರೂದಿಲ್ರೀ, ಆ ಅಕ್ಷರ ಬ್ಯಾರೆ ನಮೂನೆ" ಎಂದರು ಲೋಕಪ್ಪ. "ನೀವು ಫೋಟೊ ಹೊಡೆದು, ಓದಿ, ಒಂದು ಪುಸ್ತಕ ಮಾಡಿಕೊಟ್ರೆ ಸಾಕು. ಅಜ್ಜನ ಮದ್ದು ಅಂತ ಎಲ್ಲಾರೂ ಹೇಳ್ತಾರೆ, ಎಂತ ಮದ್ದು ಅಂತ ಯಾರಿಗೂ ಗೊತ್ತಿಲ್ಲ."

ಅವರ ತಾಯಿ ಉಚ್ಚಂಗಮ್ಮ, ಧನಲಕ್ಷ್ಮಿ ಸೊರಬದವಳು ಎಂದು ತಿಳಿದದ್ದೇ ಅವಳ ಗಲ್ಲ ಹಿಡಿದು, "ನಮ್ಮ ಕಡೆ ಹುಡುಗಿನೇ ಮಾರಾಯ್ತಿ ನೀನು!" ಎಂದರು. ಅವಳ ತಟ್ಟೆಗೆ ಎರಡನೇ ಸಲ ತುಪ್ಪ ಬಿತ್ತು. ನನಗೆ, "ನಿಮಗೆ ಶುಗರ್ರು ಗಿಗರ್ರು ಇಲ್ಲ ಅಲ್ಲ?" ಎಂಬ ಪ್ರಶ್ನೆ ಬಿತ್ತು.

ಕೆಲಸ ಮಾತ್ರ ಚೆನ್ನಾಗಿ ಸಾಗಿದೆ. ಕಡತಗಳೆಲ್ಲ ಒಳಗಿನ ಕೋಣೆಯಲ್ಲಿ ಅವಳ ಮೇಜಿಗೆ. ನನಗೆ ಜಗಲಿಯಲ್ಲಿ ಬಿಡಿ ಕಾಗದಗಳು. ಹಂಚಿದ್ದು ಮಹೇಶ್ವರಪ್ಪ. ಯಾರು ಗೆದ್ದರೆಂದು ಇಷ್ಟರಲ್ಲೇ ತಿಳಿಯುತ್ತದೆ.

ಫೆಬ್ರವರಿ ೨೦, ಗುರುವಾರ

ಬರೆಯಲೇಬೇಕು. ಆದದ್ದನ್ನು ಆದ ಹಾಗೆ.

ಮಧ್ಯಾಹ್ನ ಅವಳಿಗೆ ಫೋನ್ ಬಂದು ಅಂಗಳಕ್ಕೆ ಹೋದಳು. "ಮೇಡಂ, ಒಂಚೂರು ನೋಡ್ಕಳಿ" ಎಂದು ಹೋದಳು. ಕಡತದ ಮೇಜು ನನ್ನ ಕೈಗೆ ಬಂತು. ಎಷ್ಟು ಖುಷಿಯಾಯಿತೆಂದರೆ, ಅವಳು ಬರುವುದರೊಳಗೆ ಒಂದು ಮಡಿಕೆಯನ್ನಾದರೂ ಅವಳಿಗಿಂತ ಚೆನ್ನಾಗಿ ತೆಗೆದಿಡಬೇಕು ಎನ್ನಿಸಿತು. ದೀಪದ ಸ್ಟ್ಯಾಂಡಿನ ಹತ್ತಿರ ಉದಯ ನಿಂತಿದ್ದ. ಕೈಯಲ್ಲಿ ಗಾಜು ಒರೆಸುವ ಮೆತ್ತನೆ ಬಟ್ಟೆ. ನಾನು ಲ್ಯಾಪ್‌ಟಾಪಿನಲ್ಲಿ ಹಿಂದಿನ ಚಿತ್ರ ನೋಡುತ್ತಿದ್ದೆ. ಬೆಳಕು ನೆತ್ತಿಯ ಮೇಲಿಂದ ಬಿದ್ದು ಅಕ್ಷರ ಚಪ್ಪಟೆಯಾಗಿದ್ದವು. ತಲೆ ಎತ್ತದೆ, "ಉದಯ, ಸ್ವಲ್ಪ ಓರೆಸು" ಎಂದೆ.

"ಇದನ್ನಾ ಮೇಡಂ?"

"ಹೂಂ, ಅದನ್ನೇ."

ಆಮೇಲೆ ಅವನು, "ಸಾಕಾ ಮೇಡಂ?" ಎಂದ. ನಾನು ಆ ಹಳೆಯ ಚಿತ್ರವನ್ನೇ ಹಿಗ್ಗಿಸಿ ನೋಡುತ್ತ, "ಇನ್ನೂ ಸ್ವಲ್ಪ" ಎಂದೆ.

ತಲೆ ಎತ್ತಿದಾಗ ಕಡತದ ಮಡಿಕೆ ಮುಕ್ಕಾಲು ಪಾಲು ಕಪ್ಪಾಗಿತ್ತು. ಅವನ ಕೈಯ ಬಟ್ಟೆ ಬೆಳ್ಳಗಾಗಿತ್ತು.

ಓರೆಸು ಎಂದೆ ನಾನು. ಅವನು ಕೇಳಿಸಿಕೊಂಡದ್ದು ಒರೆಸು. ಅವನದೇನು ತಪ್ಪು? ವರ್ಷಗಟ್ಟಲೆ ಎಲ್ಲರಿಗೂ ಒರೆಸು ಒರೆಸು ಎಂದು ಹೇಳಿಕೊಂಡು ಬಂದ ಒರೆಸು ಮೇಡಂ ನಾನು. ಓರೆಸು ಎನ್ನುವವಳು ಅವಳು, ಒರೆಸು ಎನ್ನುವವಳು ನಾನು. ಆ ಮಾತು ನನ್ನ ಬಾಯಿಗೆ ಯಾವಾಗ ಹತ್ತಿತು? ನನಗೇ ಗೊತ್ತಿಲ್ಲ.

ಲೋಕಪ್ಪ ಓಡಿಬಂದರು. ಉದಯ, "ಓರೆಸು ಅಂದ್ರು, ನಾನು ಒರೆಸು ಅಂತ ತಿಳ್ಕಂಡೆ" ಎಂದ. ಯಾರು ಅಂದರು ಎಂದು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಆ ಮಾತು ಯಾರದೆಂದು ಕ್ಯಾಂಪಿಗೆಲ್ಲ ಗೊತ್ತು. ಎಲ್ಲರ ಕಣ್ಣು ಬಾಗಿಲಲ್ಲಿ ನಿಂತಿದ್ದ ಧನಲಕ್ಷ್ಮಿಯ ಕಡೆ ತಿರುಗಿತು. ಅವಳು ಉದಯನನ್ನು ನೋಡಿದಳು, ಕಡತ ನೋಡಿದಳು. "ನನ್ನ ಮಾತು ಅದು. ನಾನೇ ಕಲಿಸಿದ್ದು. ತಪ್ಪು ನಂದೇ" ಎಂದಳು.

ಉದಯ ನನ್ನನ್ನು ನೋಡಿದ. ನಾನು ಲ್ಯಾಪ್‌ಟಾಪ್ ನೋಡಿದೆ.

"ಫೋಟೊ ಹೊಡಿಯಕ್ಕೆ ಅಂತ ಬಂದು ಅಳಿಸಿ ಹೋಗ್ತೀರಲ್ರೀ" ಎಂದರು ಲೋಕಪ್ಪ. ಕೂಗಲಿಲ್ಲ. "ಇಷ್ಟು ವರ್ಷ ಇಲಿಗೂ ಸಿಗದಂಗೆ ಇಟ್ಟಿದ್ವಿ." ಪೆಟ್ಟಿಗೆ ಮುಚ್ಚಿ ಒಳಗೆ ಒಯ್ದರು. ಉಚ್ಚಂಗಮ್ಮ ಧನಲಕ್ಷ್ಮಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಏನೂ ಬರೆಯುವುದಿಲ್ಲ.

ಫೆಬ್ರವರಿ ೨೨, ಶನಿವಾರ

ಮಹೇಶ್ವರಪ್ಪನವರ ಫೋನು. "ಪಾಪ, ಒಳ್ಳೆ ಹುಡುಗಿ. ಆದ್ರ ತಪ್ಪು ತಪ್ಪೇ ಅಲ್ರೀ. ಬರೋ ವರ್ಷ ನೀವೇ ನಡಸ್ಕಂಡು ಹೋಗ್ರಿ ಮೇಡಂ. ಸೋಮವಾರ ಎಲ್ರ ಮುಂದ ಹೇಳ್ತೀನಿ."

ಗೆದ್ದೆ. ಕೋಣೆ ನನ್ನದು. ಬಾಯಿ ತುಂಬ ಪಾಯಸ ಇಟ್ಟುಕೊಂಡ ಹಾಗಿರಬೇಕಿತ್ತು.

ಆದರೆ ಕೇಂದ್ರಕ್ಕೆ ಹೋದರೆ ಅಲ್ಲಿ ಎಲ್ಲರೂ ಅವಳ ಸುತ್ತ. ಒಬ್ಬಳು ಅವಳಿಗೆ ಮಂಡಕ್ಕಿ ತಂದಿದ್ದಳು. ಇನ್ನೊಬ್ಬ ಅವಳ ಚೀಲ ಹೊತ್ತಿದ್ದ. "ಎಷ್ಟು ದೊಡ್ಡ ಮನಸು ನೋಡ್ರಿ, ಒಂದು ಮಾತು ಯಾರ ಮ್ಯಾಲೂ ಹಾಕಲಿಲ್ಲ" ಎಂದು ನನ್ನೆದುರಿಗೇ ಆಡಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ. ಕತ್ತು ನೋಯುವಷ್ಟು ಆಡಿಸಿದೆ. ಉದಯ ಮೂಲೆಯಲ್ಲಿ ಕೂತಿದ್ದ.

ಮನೆಗೆ ಬಂದರೆ ಸುರೇಂದ್ರರೂ ಅದೇ. "ಗಟ್ಟಿ ಹೆಣ್ಮಗಳು ಬಿಡು. ತಪ್ಪು ಮಾಡಿ ಒಪ್ಕಳಾಕ ಎಂಟೆದಿ ಬೇಕು."

ಅವಳು ಮಾಡಲಿಲ್ಲ! ಎಂದು ಕೂಗಬೇಕೆನಿಸಿತು. ತಪ್ಪು ಮಾಡಿದವಳು ನಾನು. ಕಡತ ಅಳಿಸಿದ್ದು ನನ್ನ ಮಾತು. ಅದಕ್ಕೆ ಹೊಗಳಿಕೆ ಅವಳಿಗೆ. ಮಂಡಕ್ಕಿ ಅವಳಿಗೆ. ಎಂಟೆದೆ ಅವಳಿಗೆ.

ಫೆಬ್ರವರಿ ೨೪, ಸೋಮವಾರ

ಸಭೆ. ಮಹೇಶ್ವರಪ್ಪನವರು ಕನ್ನಡಕ ತೆಗೆದಿಟ್ಟರು. ಧನಲಕ್ಷ್ಮಿ ಎದ್ದು ನಿಂತು, "ಆ ಮಾತು ನಾನು..." ಎಂದು ಶುರುಮಾಡಿದಳು. ಕಣ್ಣು ಕೆಳಗೆ, ದನಿ ಮೆತ್ತಗೆ. ಇಡೀ ಕೋಣೆ ಅವಳ ಕಡೆ ಕರಗಿ ಹರಿಯುತ್ತಿತ್ತು. ನನ್ನಿಂದ ಆಗಲಿಲ್ಲ.

"ಕೂತ್ಕ ಧನಲಕ್ಷ್ಮಿ. ಆ ಮಾತು ಆಡಿದವಳು ನಾನು" ಎಂದೆ. "ಅವಳು ಅಲ್ಲಿರಲೇ ಇಲ್ಲ. ಉದಯ ಇದನ್ನಾ ಅಂತ ಕೇಳಿದ, ಸಾಕಾ ಅಂತಲೂ ಕೇಳಿದ. ನಾನು ತಲೆ ಎತ್ತಿ ನೋಡ್ಲಿಲ್ಲ. ಇನ್ನೂ ಸ್ವಲ್ಪ ಅಂದೆ. ಇದ್ರಾಗೆಲ್ಲ ಅವಳದು ಅಂತ ಇದ್ದದ್ದು ಆ ಪದ ಒಂದೇ."

ಉದಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಸತ್ಯಕ್ಕೋಸ್ಕರ ಹೇಳಿದೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದ ಹೇಳಿದೆ. ನನ್ನ ಕ್ಲಾಸು ತಗೊಂಡಳು, ನನ್ನ ಉದಯನನ್ನು ತಗೊಂಡಳು. ನನ್ನ ತಪ್ಪನ್ನೂ ತಗೊಂಡು ಹೋಗಲಿಕ್ಕೆ ಬಿಡಬೇಕೇ?

ಹೊರಗೆ ಬಂದಾಗ ಅವಳು ಹಿಂದೆಯೇ ಬಂದಳು. "ಯಾಕೆ ಹೇಳಿದ್ರಿ ಮೇಡಂ? ನಂಗೆ ಗೊತ್ತಿತ್ತು. ಉದಯ ನಿಮ್ಮನ್ನ ನೋಡಿದಾಗಲೇ ಗೊತ್ತಾತು. ನಾನು ಹೆಂಗೋ ಸುಧಾರಿಸ್ಕಂತಿದ್ದೆ."

"ನಿನ್ನ ಉಪಕಾರ ನನಗೆ ಬೇಡ."

"ಉಪಕಾರ ಎಂತದು? ನನ್ನ ಮಾತು ನಿಮ್ಮ ಬಾಯಲ್ಲಿ ಬಂತಲ್ಲ ಮೇಡಂ. ಅದನ್ನ ಕೇಳಕ್ಕೆ ನಾನೇ ಇರ್ಲಿಲ್ಲ ನೋಡಿ" ಎಂದಳು. ಕಣ್ಣಲ್ಲಿ ನೀರಿತ್ತು. ಬೈಕು ಸ್ಟಾರ್ಟ್ ಮಾಡುತ್ತಿದ್ದ ಯಾರನ್ನೋ ನೋಡುತ್ತ ನಿಂತೆ.

ಮಾರ್ಚ್ ೩, ಸೋಮವಾರ

ಬರುವ ವರ್ಷದಿಂದ ಧನಲಕ್ಷ್ಮಿ. ಮಹೇಶ್ವರಪ್ಪನವರು ನನ್ನ ಮುಖ ನೋಡದೆ ಹೇಳಿದರು. ನಾನು ಸರಿ ಎಂದೆ. ಮಾತು ಆಡಿದ್ದಕ್ಕಲ್ಲ, ಆಡಿ ಸುಮ್ಮನಿದ್ದದ್ದಕ್ಕೆ ಎಂದರು. ಅದಕ್ಕೂ ಸರಿ ಎಂದೆ.

ಮನೆಗೆ ಬಂದು ಅತ್ತೆ. ಜೋರಾಗಿಯೇ. ಸುರೇಂದ್ರ ಇವತ್ತು ಲವಂಗ ಕೊಡಲಿಲ್ಲ, ಪಕ್ಕದಲ್ಲಿ ಕೂತರು.

ಮಾರ್ಚ್ ೧೦, ಸೋಮವಾರ

ಒಬ್ಬಳೇ ಸೊರಬಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಲೋಕಪ್ಪನವರ ಮನೆಗೆ ಹೋದೆ. ಕರೆದವರಿಲ್ಲ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಅಂಗಳದಲ್ಲಿ ಅವರು ಕರುವಿನ ಕಾಲಿಗೆ ಏನೋ ಹಚ್ಚುತ್ತಿದ್ದರು. ಭಾಷಣ ಮರೆತುಹೋಗಿ, "ಅವತ್ತು ಅಳಿಸಲು ಹೇಳಿದವಳು ಧನಲಕ್ಷ್ಮಿ ಅಲ್ಲ, ನಾನು" ಎಂದಷ್ಟೇ ಹೇಳಿದೆ.

ಅವರು ಕರುವಿನ ಕಾಲು ಬಿಡಲಿಲ್ಲ. ಹಚ್ಚುತ್ತಲೇ, "ಅವತ್ತೇ ಹೇಳಬಹುದಿತ್ತಲ್ರೀ. ನಮ್ಮಮ್ಮ ಆ ಹುಡುಗಿಗೆ ಒಂದು ಲೋಟ ನೀರೂ ಕೊಡದೆ ಕಳಿಸ್ತಲ್ಲ" ಎಂದರು.

"ಹೌದು."

"ಯಾಕೆ ಹೇಳಲಿಲ್ಲ?"

"ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ."

ಇಷ್ಟು ನೇರ ಉತ್ತರ ಅವರು ನಿರೀಕ್ಷಿಸಿರಲಿಲ್ಲವೇನೋ, ತಿರುಗಿ ನೋಡಿದರು. ನಾನೂ ನಿರೀಕ್ಷಿಸಿರಲಿಲ್ಲ. ಕೈ ತೊಳೆದು ಒಳಗೆ ಹೋಗಿ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟರು. ಆ ಮಡಿಕೆ ಬಿಚ್ಚಿದರು. ಬೆಳಕಿನಲ್ಲಿ ಅದು ಬರೀ ಕಪ್ಪು. ಒಳಗಿನ ಕೋಣೆಗೆ ಒಯ್ದು, ಬಾಗಿಲು ಮುಚ್ಚಿಸಿ, ಮೊಬೈಲಿನ ಬೆಳಕನ್ನು ತಗ್ಗಿಸಿ ಹಿಡಿದೆ. ಬಳಪ ಒತ್ತಿ ಬರೆದ ಕಡೆಗಳಲ್ಲಿ ಒಂದೊಂದು ಗೆರೆ ಮಿನುಗಿತು. 'ಅಳಲೆಕಾಯಿ' ಎಂದಿತ್ತು. ಮುಂದೆ ಏನೂ ಇಲ್ಲ. ಒಂದು ಕಡೆ 'ಮೂರು ದಿನ'. ಏನನ್ನು ಮೂರು ದಿನ? ಹೋಯಿತು. ಕೆಳಗೆ 'ಎತ್ತು ಏಳುವುದು' ಎಂದಿತ್ತು. ಯಾವ ಎತ್ತು ಬಿದ್ದಿತ್ತೋ, ಏನು ಕುಡಿಸಿ ಎಬ್ಬಿಸಿದರೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಓದಿದ್ದನ್ನು ಲೋಕಪ್ಪನವರಿಗೆ ಹೇಳಿದೆ. ಓದಲಾಗದ್ದನ್ನೂ ಹೇಳಿದೆ.

"ಅಷ್ಟು ಸಿಕ್ತಲ್ಲ" ಎಂದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಉಚ್ಚಂಗಮ್ಮ ಮಜ್ಜಿಗೆ ತಂದಿಟ್ಟರು.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ಲೋಕಪ್ಪನವರು ಕೇಂದ್ರಕ್ಕೆ ಫೋನ್ ಮಾಡಿದ್ದಾರೆ. ಉಳಿದ ಕಡತಗಳನ್ನು ತೆಗೆಸುತ್ತಾರಂತೆ. ಆದರೆ ಅಳಿಸಿದವರೇ ಬರಬೇಕಂತೆ. "ಬ್ಯಾರೆ ಯಾರನ್ನೂ ಕಳಿಸಬ್ಯಾಡಿ. ಆಯಮ್ಮನಿಗೆ ಅದರ ಬೆಲೆ ಗೊತ್ತಾಗಿದೆ" ಎಂದರಂತೆ. ಮಹೇಶ್ವರಪ್ಪನವರು ಇದನ್ನು ಹೇಳುವಾಗ ಕನ್ನಡಕ ಮೂಗಿನ ಮೇಲೇ ಇತ್ತು. ಬರುವ ವರ್ಷ ಕೆಲಸಕ್ಕಿಲ್ಲ ಎಂದು ತಾವೇ ಹೇಳಿದವಳನ್ನು ಕೇಂದ್ರದ ಪರವಾಗಿ ಕಳಿಸುವುದು ಹೇಗೆಂದು ಅವರಿಗೆ ತಿಳಿಯುತ್ತಿಲ್ಲ. ನನಗೆ ತಿಳಿಯಿತು. ಕ್ಯಾಮೆರಾ ಚೀಲಕ್ಕೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಧನಲಕ್ಷ್ಮಿ ಕಳಿಸಿಕೊಡಲು ಬಂದಿದ್ದಳು. ತನ್ನ ಸಣ್ಣ ದೀಪವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು, ನನಗೆ ಕೊಡಲಿಕ್ಕೆ. ಕೊಟ್ಟಳು. ಆದರೆ ಬೆರಳು ಬಿಡಲು ಸ್ವಲ್ಪ ತಡವಾಯಿತು.

"ಅಷ್ಟೂ ಕಡತ ನಿಮ್ಮೊಬ್ಬರಿಗೇನಾ ಮೇಡಂ?"

"ಅವರು ಹಾಗೆ ಹೇಳಿದ್ದಾರೆ."

"ನಮ್ಮ ಊರ ಕಡೆಯವ್ರು ಅವ್ರು. ನಂಗೆ ಹೇಳಬೇಕಿತ್ತು ಅಲ್ದಾ?" ಎಂದು ನಕ್ಕಳು. ನಗು ತುಟಿಯಲ್ಲೇ ನಿಂತಿತು. ಕಣ್ಣು ನನ್ನ ಚೀಲದ ಮೇಲಿತ್ತು, ಮೂಗಿನ ತುದಿ ಕೆಂಪಾಗಿತ್ತು. "ಹೋಗಿ ಬನ್ನಿ ಮೇಡಂ, ಒಳ್ಳೇದಾತು" ಎಂದಳು. ಒಳ್ಳೆಯದಾಯಿತು ಎಂಬ ಮಾತನ್ನು ಎಷ್ಟು ಕಷ್ಟಪಟ್ಟು ಹೊರಗೆ ತಂದಳೆಂದು ನನಗೆ ಗೊತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಇಡೀ ಚಳಿಗಾಲ ಅದನ್ನು ಹೊತ್ತುಕೊಂಡು ಓಡಾಡಿದವಳು ನಾನು.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಸುಳ್ಳೇಕೆ ಬರೆಯಲಿ. ಆದರೆ ಅಂಥ ಮುಖ ಇಟ್ಟುಕೊಂಡು ಅವಳು ಬಿಸಿಲಲ್ಲಿ ಒಬ್ಬಳೇ ಕೇಂದ್ರದವರೆಗೆ ನಡೆದು ಹೋಗುವುದು ನನಗೆ ಬೇಡವೆನಿಸಿತು.

ಸೊರಬದ ಬಸ್ಸು ಬಂತು. ಹತ್ತಿ, ಕೈ ಚಾಚಿ ಅವಳನ್ನೂ ಎಳೆದುಕೊಂಡೆ. 'ಬೇರೆ ಯಾರನ್ನೂ ಕಳಿಸಬೇಡಿ' ಎಂದವರಿಗೆ ಏನು ಹೇಳುವುದೋ ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು. ಕಂಡಕ್ಟರ್ ಎಷ್ಟು ಟಿಕೆಟ್ ಎಂದು ಕೇಳಿದ. ಎರಡು ಎಂದೆ.